ಹಾಡಲೊಲ್ಲದ ಪ್ಲೇಟು

ತೆರಕಣಾಂಬಿ, ದೀಪಾವಳಿಯ ಮರುವಾರ, ೧೯೫೮

ಚಾಮರಾಜನಗರದ ಪೇಟೆಯಲ್ಲಿ ಸಿನಿಮಾ ಹುಚ್ಚಿನವರಿಗೂ ಹಾಡಿನ ಹುಚ್ಚಿನವರಿಗೂ ಪುಸ್ತಕ, ಉಡುಗೊರೆಗಳನ್ನು ಒದಗಿಸುತ್ತಿರುವ ಅಂಗಡಿಯ ಮಾಲೀಕರ ಸನ್ನಿಧಾನಕ್ಕೆ,

ಮಾನ್ಯರೇ,

ಅರಿಸಿನದ ವ್ಯಾಪಾರಿ ಗುರುಮಲ್ಲಯ್ಯನ ಶರಣು. ತಾವೂ ತಮ್ಮ ಗಲ್ಲಾಪೆಟ್ಟಿಗೆಯೂ ಕ್ಷೇಮವೆಂದು ನಂಬಿದ್ದೇನೆ. ನಮ್ಮ ಮನೆಯ ಕ್ಷೇಮವನ್ನು ತಾವೇ ಕೆಡಿಸಿರುವುದರಿಂದ ಅದನ್ನು ಕೊಂಚ ವಿವರಿಸಬೇಕಾಗಿದೆ.

ನನ್ನ ಮಗಳು ಚಂದ್ರಮತಿಯನ್ನು ಈ ವರ್ಷ ಗುಂಡ್ಲುಪೇಟೆಗೆ ಕೊಟ್ಟೆವು. ಅಳಿಯಂದಿರು ಚಿಕ್ಕಮಲ್ಲಪ್ಪನವರು ಗ್ರಾಮಫೋನ್ ಇಟ್ಟುಕೊಂಡವರು, ಮುಂದಲೆಯ ಕೂದಲಿಗೆ ಎಣ್ಣೆ ಹಚ್ಚಿ ಎಬ್ಬಿಸಿ ನಿಲ್ಲಿಸುವವರು. ಮೊದಲ ದೀಪಾವಳಿಗೆ ಪಂಚೆ ಬೇಡ, ಉಂಗುರ ಬೇಡ, ರಾಕಂಡ್ರೋಲ್ ಎಂಬ ಇಂಗ್ಲಿಷ್ ಹಾಡಿನ ಪ್ಲೇಟೇ ಬೇಕೆಂದು ಹೇಳಿ ಕಳಿಸಿದ್ದರು. ಗ್ರಾಮಫೋನಿನ ಕರಿ ಬಿಲ್ಲೆಗೆ ನಮ್ಮ ಕಡೆ ಪ್ಲೇಟು ಎನ್ನುವುದು ದನ ಕಾಯುವವರಿಗೂ ಗೊತ್ತು. ಹಾಡಿನ ಅಂಗಡಿ ಇಟ್ಟಿರುವ ತಮಗೆ ಗೊತ್ತಿಲ್ಲದಿರುವುದು ತಮ್ಮ ವಿದ್ಯೆಯ ಎತ್ತರವನ್ನು ತೋರಿಸುತ್ತದೆ.

ನಾನು ಬಂದು ಆ ಪ್ಲೇಟು ಕೇಳಿದಾಗ ತಾವು ನನ್ನ ಕೆರ ನೋಡಿದಿರಿ, ಪೇಟ ನೋಡಿದಿರಿ, ಮುಖವೊಂದನ್ನು ಬಿಟ್ಟು ಎಲ್ಲವನ್ನೂ ನೋಡಿದಿರಿ. "ರಾಕ್ ಅಂದ್ರೆ ಬಂಡೆ, ರೋಲ್ ಅಂದ್ರೆ ಉರುಳೋದು, ತಿಳೀತಾ ಯಜಮಾನ್ರೇ?" ಎಂದು ಪುಕ್ಕಟೆ ಪಾಠ ಹೇಳಿದಿರಿ. ಬಣ್ಣದ ಕಾಗದ ಸುತ್ತಿದ ದುಂಡನೆಯ ಪೊಟ್ಟಣ ಕೊಟ್ಟು, "ಜ್ವಾಪಾನ, ಬಿದ್ರೆ ಒಡ್ದೋಯ್ತದೆ" ಎಂದಿರಿ. ತಮ್ಮ ಬಾಯಿಂದ ಬಂದ ಸತ್ಯ ಅದೊಂದೇ. ಜೊತೆಗೆ ದಾಟಿಸಿದ ಸಿನಿಮಾ ತಾರೆಯರ ಜೀವನ ಚರಿತ್ರೆಯ ಪುಸ್ತಕದಲ್ಲಿ ಅವರು ಹಚ್ಚುವ ಸೋಪಿನ ಹೊರತು ಬೇರೆ ಜೀವನವೇನೂ ಕಾಣಲಿಲ್ಲ.

ಹಬ್ಬದ ದಿನ ಎಣ್ಣೆ ನೀರು ಮುಗಿದು ನೆಂಟರೆಲ್ಲ ಕೂತರು. ಬಸ್ಸಿನಲ್ಲಿ ಹೊತ್ತು ತಂದಿದ್ದ ಗ್ರಾಮಫೋನಿಗೆ ಅಳಿಯಂದಿರು ಕೀಲಿ ಕೊಟ್ಟು, ಕಾಗದ ಹರಿದರು. ಒಳಗಿದ್ದದ್ದು ಉಣ್ಣುವ ಪಿಂಗಾಣಿ ತಟ್ಟೆ, ನಡುವೆ ಹಲ್ಲು ಕಿರಿಯುತ್ತಿರುವ ಸಿನಿಮಾ ನಟಿ. ಪೇಟೆಯ ಉಡುಗೊರೆಯೇ ಹೀಗೆಂದುಕೊಂಡ ನನ್ನ ಹೆಂಡತಿ ದೊಡ್ಡಮಲ್ಲಮ್ಮ, ಆ ನಗುವಿನ ಮೇಲೆ ಒಬ್ಬಟ್ಟು ಹಾಕಿ ತುಪ್ಪ ಸುರಿದಳು. "ಇದ್ರಲ್ಲಿ ಮುಳ್ಳು ಎಲ್ಲಿ ಮಡಗ್ಲಿ ಮಾವ, ಮೂಗಿನ ಮ್ಯಾಲಾ?" ಎಂದರು ಅಳಿಯಂದಿರು, ಗ್ರಾಮಫೋನಿನ ಮುಳ್ಳು ಹಿಡಿದುಕೊಂಡು. ನೆಂಟರು ಬಿದ್ದು ಬಿದ್ದು ನಕ್ಕರು, ಅಳಿಯಂದಿರು ನಗಲಿಲ್ಲ. "ನಿಮ್ಮಪ್ಪ ಪ್ಲೇಟು ತಂದ್ಮೇಲೆ ಬಾ ಕಣಮ್ಮಿ" ಎಂದು ಗ್ರಾಮಫೋನನ್ನು ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ಹೆಂಡತಿಯನ್ನು ಬಿಟ್ಟು ಪೆಟ್ಟಿಗೆಯನ್ನು ಕರೆದೊಯ್ದರು. ಮಗಳು ಇಲ್ಲೇ ಇದ್ದಾಳೆ.

ಆದುದರಿಂದ ತಾವು ದಯಮಾಡಿ ಗುಂಡ್ಲುಪೇಟೆಗೆ ಬಿಜಯಂಗೈದು, ಆ ಗ್ರಾಮಫೋನಿನ ಮೇಲೆ ಸುಖಾಸೀನರಾಗಿ, ಮೂಗಿನ ಮೇಲೆ ಮುಳ್ಳಿಡಿಸಿಕೊಂಡು, ಅಳಿಯಂದಿರ ಮುನಿಸು ಇಳಿಯುವವರೆಗೆ ಗಿರಗಿರನೆ ತಿರುಗುತ್ತ ರಾಕಂಡ್ರೋಲ್ ಹಾಡಬೇಕಾಗಿ ವಿನಂತಿ. ನಡುವೆ ನಿಂತುಹೋದರೆ ಕೀಲಿ ತಿರುವಲು ನಾನಿದ್ದೇನೆ.

ತಮ್ಮ ಪೊಟ್ಟಣವನ್ನು ಬಿಚ್ಚಿ ನೋಡದೆ ನಂಬಿದ,
ತಮ್ಮ ವಿಶ್ವಾಸಿ,
ಗುರುಮಲ್ಲಯ್ಯ

ಮರೆತ ಮಾತು: ಇಷ್ಟು ಬರೆಯುವಷ್ಟರಲ್ಲಿ ಚಂದ್ರಮತಿ ಆ ತಟ್ಟೆಯನ್ನು ಜಗಲಿಯಿಂದ ಉರುಳಿಸಿದಳು, ಕೆಳಗಿನ ಬಂಡೆಗೆ ಬಿದ್ದು ಚೂರಾಯಿತು. ರಾಕಂಡ್ರೋಲಿಗೆ ತಾವು ಹೇಳಿದ ಅರ್ಥಕ್ಕೆ ಒಂದಿಷ್ಟೂ ಕೊರತೆಯಾಗಲಿಲ್ಲ. ಚೂರುಗಳನ್ನು ತಮ್ಮದೇ ಕಾಗದದಲ್ಲಿ ಕಟ್ಟಿ ಕಳಿಸಿದ್ದೇನೆ, ಮುಳ್ಳಿಟ್ಟು ಕೇಳಿ. ಉರುಳಿಸುವಾಗ ಅವಳು ತಮ್ಮನ್ನೂ ನನ್ನನ್ನೂ ಬೈದದ್ದೆಲ್ಲ ಅವುಗಳಲ್ಲಿ ಅಚ್ಚಾಗಿರಬೇಕು. ಅಳಿಯಂದಿರಿಗೆ ಕೇಳಿಸಬೇಕಾದ ಚೂರನ್ನು ಅವಳು ಯಾರಿಗೂ ಕೊಡದೆ ತಾನೇ ಇಟ್ಟುಕೊಂಡಿದ್ದಾಳೆ.