ಡಾಕ್ಟರ ಕಾರಿಗೆ ಮೆದು ಸ್ಪ್ರಿಂಗು

ಮರ್ಯಾದಸ್ಥರಿಬ್ಬರು ಆಟದ ಸಾಮಾನಿನ ಹಿಂದೆ ಬಿದ್ದರೆ ನಡುವೆ ಸಿಕ್ಕಿದ ಮೂರನೆಯವನ ಮಾನ ಉಳಿಯುವುದಿಲ್ಲ. ಸಾಗರದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡು ತಣ್ಣಗಿದ್ದವನು ನಾನು. ಎಂಬತ್ತರ ದಶಕದ ನಡುವೆ ಒಂದು ಬೇಸಿಗೆಯಿಡೀ ನನಗೆ ಇಂಥ ಪ್ರಸಂಗಗಳೇ ಆದವು. ಒಂದರಿಂದ ಪಾರಾದೆ ಅಂತ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತಿತ್ತು.

ಹೊಟ್ಟೆ ಗಟ್ಟಿ

ತೀರ್ಥಹಳ್ಳಿಯ ಡಾಕ್ಟರೊಬ್ಬರಿಗೆ ಅವರ ತಂಗಿ ದುಬೈಯಿಂದ ರಿಮೋಟಿನಲ್ಲಿ ಓಡುವ ಕಾರು ತಂದುಕೊಟ್ಟಿದ್ದರು. ತಂದದ್ದು ಮಕ್ಕಳಿಗೆ. ಮಕ್ಕಳ ಕೈಗೆ ಅದು ಸಿಕ್ಕಿದ್ದನ್ನು ನಾನಂತೂ ಕಂಡಿಲ್ಲ. ಮೊಳದುದ್ದದ ಕಾರು, ರೋಡಿನ ಮೇಲೆ ರೇಸ್ ಬಿಡಲಿಕ್ಕೆ ಅಂತಲೇ ಮಾಡಿದ್ದು. ದೊಡ್ಡ ಕಾರಿಗೆ ಇರುವ ಹಾಗೆ ಒಂದೊಂದು ಚಕ್ರಕ್ಕೂ ಒಂದೊಂದು ಪುಟ್ಟ ಸ್ಪ್ರಿಂಗು.

ಹೊಸನಗರದಲ್ಲಿ ರೈಸ್ ಮಿಲ್ಲು ನಡೆಸುವವರೊಬ್ಬರು ಡಾಕ್ಟರ ಜೊತೆ ಶಾಲೆಗೆ ಹೋದವರು. ಅವರು ಈ ಕಾರು ನೋಡಿದ್ದೇ ತಡ, ಬೊಂಬಾಯಿಯಿಂದ ಅಂಥದ್ದೇ ಇನ್ನೊಂದು ತರಿಸಿದರು. ಮಿಲ್ಲಿನವರಿಗೆ ಸಕ್ಕರೆ ಕಾಯಿಲೆ ಇತ್ತು. ಕಾಲಿನಲ್ಲಿ ಒಂದು ಗಾಯ, ಒಣಗುತ್ತಲೇ ಇರಲಿಲ್ಲ. ಡಾಕ್ಟರು ಸಿಹಿ ಬಿಡು ಅಂದಷ್ಟೂ ಅವರು ಹೋಳಿಗೆಗೆ ಎರಡು ಮಿಳ್ಳೆ ತುಪ್ಪ ಜಾಸ್ತಿ ಹಾಕಿಸಿಕೊಳ್ಳುವ ಪೈಕಿ. ಕಡೆಗೆ ಇಬ್ಬರೂ ಪಂಥ ಕಟ್ಟಿದರು. ಮಿಲ್ಲಿನ ಎದುರು ಭತ್ತ ಒಣಗಿಸುವ ಸಿಮೆಂಟು ಅಂಗಳದಲ್ಲಿ ಎರಡು ಕಾರನ್ನೂ ಓಡಿಸುವುದು. ಡಾಕ್ಟರು ಗೆದ್ದರೆ ಮಿಲ್ಲಿನವರು ಸಿಹಿ ಮುಟ್ಟಕೂಡದು. ಮಿಲ್ಲಿನವರು ಗೆದ್ದರೆ, ಬರಲಿರುವ ತಮ್ಮ ಮಗಳ ಮದುವೆಯಲ್ಲಿ ಅವರು ಏನು ತಿಂದರೂ ಡಾಕ್ಟರು ಬಾಯಿ ಬಿಡಕೂಡದು.

ಡಾಕ್ಟರು ಕಾರನ್ನು ಟವೆಲಿನಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬಂದರು. ಅಂಗಳದ ಸಿಮೆಂಟು ಕೂಡುವ ಕಡೆಯೆಲ್ಲ ಅದು ಕಪ್ಪೆಯ ಹಾಗೆ ಹಾರುತ್ತದಂತೆ, ತಿರುವಿನಲ್ಲಿ ಮಗುಚುತ್ತದಂತೆ. ಮೇಜಿನ ಮೇಲಿಟ್ಟು ಎರಡು ಬೆರಳಿನಿಂದ ಒತ್ತಿ ನೋಡಿ, ಗಂಭೀರವಾಗಿ ಹೊಟ್ಟೆ ಗಟ್ಟಿ ಇದೆ ಅಂದರು. ನಾನೂ ಒತ್ತಿದೆ. ಸ್ಪ್ರಿಂಗು ತೀರಾ ಬಿರುಸು. ಮೆದುವಾದದ್ದು ಹಾಕಬೇಕು, ತೀರಾ ಮೆದುವಾದರೆ ತಳ ನೆಲಕ್ಕೆ ಉಜ್ಜುತ್ತದೆ ಅಂತ ಹೇಳಿದೆ.

ಡಾಕ್ಟರು ದನಿ ತಗ್ಗಿಸಿದರು. "ಇದು ಆಟ ಅಲ್ಲ ಮಾರಾಯ್ರೆ. ಅವನ ಕಾಲು ಉಳೀಬೇಕು ಅಂದ್ರೆ ನಾನು ಗೆಲ್ಲಬೇಕು."

ನಾನು ಸ್ಕ್ರೂಡ್ರೈವರು ಕೈಗೆತ್ತಿಕೊಂಡೆ. ಅಷ್ಟರಲ್ಲಿ, ಇಷ್ಟು ಹೊತ್ತೂ ಡಾಕ್ಟರ ಬೆರಳನ್ನೇ ನೋಡುತ್ತ ಬೆಂಚಿನ ಮೇಲೆ ಕೂತಿದ್ದ ಗಿರಾಕಿಯೊಬ್ಬ ಎದ್ದುಬಂದು ತನ್ನ ರೇಡಿಯೋವನ್ನು ಅವರ ಮುಂದಿಟ್ಟ. "ಹಾಗೇ ಇದನ್ನೂ ಒಂಚೂರು ನೋಡಿ ಡಾಕ್ಟ್ರೇ. ನಿನ್ನೆಯಿಂದ ಗಂಟಲು ಕಟ್ಟಿದೆ."

ಬ್ಯಾಂಕಿನ ಪೆನ್ನು

ಆ ಕಾರಿನ ಬಿಡಿಭಾಗ ನಮ್ಮ ಕಡೆ ಎಲ್ಲಿ ಸಿಗಬೇಕು? ಕಂಡ ಕಂಡ ಸಾಮಾನಿನೊಳಗೆ ಎಂಥ ಸ್ಪ್ರಿಂಗು ಇರಬಹುದು ಅಂತ ಯೋಚಿಸುವುದೇ ನನ್ನ ಕೆಲಸವಾಯಿತು. ಒತ್ತಿದರೆ ಟಕ್ ಅನ್ನುವ ಬಾಲ್ ಪೆನ್ನುಗಳು ಊರಿನಲ್ಲಿ ಹೆಚ್ಚಾಗುತ್ತಿದ್ದ ಕಾಲ. ಬ್ಯಾಂಕಿಗೆ ಹೋದಾಗ ಮ್ಯಾನೇಜರರ ಮೇಜಿನ ಮೇಲೆ ಅಂಥದ್ದೊಂದು ವಿದೇಶಿ ಪೆನ್ನು ಕಂಡಿತು. ರುಜು ಮಾಡುವ ನೆಪದಲ್ಲಿ ಕೇಳಿ ಇಸಕೊಂಡು, ಕೌಂಟರಿನ ಹತ್ತಿರ ಹೋಗಿ ಮೆಲ್ಲಗೆ ತಿರುಪು ಬಿಚ್ಚಿದೆ. ಸ್ಪ್ರಿಂಗು ಚಿಮ್ಮಿ ಕ್ಯಾಶಿಯರರ ಪಂಜರದೊಳಗೆ ಬಿತ್ತು.

ಕ್ಯಾಶಿಯರು ಊಟಕ್ಕೆ ಹೋಗಿದ್ದರು. ನಾನು ಸುತ್ತಮುತ್ತ ನೋಡಿ, ಬಗ್ಗಿ, ಸರಳಿನ ಸಂದಿಯಲ್ಲಿ ತೋಳು ಹೊಗಿಸಿ ತಡಕಾಡಿದೆ. ಬೆರಳಿಗೆ ಸಿಕ್ಕಿದಂತಾಯಿತು, ತೋಳು ಮಾತ್ರ ವಾಪಸು ಬರಲಿಲ್ಲ. ಬೆನ್ನಿಗೆ ಏನೋ ತಣ್ಣಗೆ ತಾಗಿತು. ತಿರುಗಿದರೆ ಕಾವಲಿನವನ ಬಂದೂಕು. ಹಾಲಿನಲ್ಲಿದ್ದವರೆಲ್ಲ ಎದ್ದು ನಿಂತರು. ಏನು ತೆಗೀತಿದ್ದೆ ಅಂತ ಅವನು ಕೇಳಿದ. ನನ್ನ ಬಾಯಿಂದ ಹೊರಟದ್ದು ಒಂದೇ ಮಾತು, "ಸ್ಪ್ರಿಂಗು". ಅದನ್ನು ಕೇಳಿ ಅವನು ಬಂದೂಕನ್ನು ಇನ್ನೂ ಸ್ವಲ್ಪ ಒತ್ತಿ ಹಿಡಿದ.

ಮ್ಯಾನೇಜರು ಓಡಿಬಂದರು. ನನ್ನ ಪರಿಚಯ ಇದ್ದದ್ದರಿಂದ ಬಚಾವಾದೆ. ತೋಳಿಗೆ ಸೋಪು ಹಚ್ಚಿ ಹೊರಗೆ ಎಳೆದರು. ಅಷ್ಟೆಲ್ಲ ಆಗಿ ಆ ಸ್ಪ್ರಿಂಗು ಕಾರಿನ ಭಾರ ತಡೆಯಲೇ ಇಲ್ಲ, ತಳ ನೆಲಕ್ಕೆ ಕೂತಿತು. ಮುಂದಿನ ಸಲ ಬ್ಯಾಂಕಿಗೆ ಹೋಗಿ ರುಜು ಹಾಕಲು ಪೆನ್ನು ಕೇಳಿದಾಗ ಮ್ಯಾನೇಜರು ಇಂಕಿನ ಪ್ಯಾಡು ಮುಂದೆ ತಳ್ಳಿದರು. "ನಿಮ್ಮದು ಇನ್ಮೇಲೆ ಹೆಬ್ಬೆಟ್ಟು."

ಮಂಚದ ಕೆಳಗೆ

ಆಮೇಲೆ ಟಾರ್ಚಿನ ಸ್ಪ್ರಿಂಗಿಗೆ ಕೈ ಹಾಕಿದೆವು. ತೀರ್ಥಹಳ್ಳಿಯ ಕ್ಲಿನಿಕ್ಕಿನಲ್ಲಿ ಕೂತು ಡಾಕ್ಟರ ಟಾರ್ಚುಗಳನ್ನೆಲ್ಲ ಬಿಚ್ಚಿ ಸ್ಪ್ರಿಂಗು ತೆಗೆದು ಕಾರಿಗೆ ಕೂರಿಸುತ್ತಿದ್ದಾಗ ಹೊರಗೆ ಜೀಪು ನಿಂತಿತು. ಮಿಲ್ಲಿನವರು ಕಾಲಿಗೆ ಡ್ರೆಸಿಂಗ್ ಮಾಡಿಸಲು ಬಂದಿದ್ದರು. ಎದುರಾಳಿಗೆ ನಮ್ಮ ಗುಟ್ಟು ಸಿಗಬಾರದು. ಡಾಕ್ಟರು ಕಾರನ್ನು ರೋಗಿಗಳ ಮಂಚದ ಕೆಳಗೆ ತಳ್ಳಿದರು. ನಾನು ರಿಮೋಟನ್ನು ಬೆನ್ನ ಹಿಂದೆ ಹಿಡಿದು ಗೋಡೆಗೆ ಅಂಟಿದೆ.

ಮಿಲ್ಲಿನವರು ಬಂದು ಸರಿಯಾಗಿ ಅದರ ಮೇಲೆಯೇ ಮಲಗಿದರು. ಕರೆಂಟು ಇರಲಿಲ್ಲ. ಡಾಕ್ಟರು ಗಾಯ ನೋಡಲು ಟಾರ್ಚು ಎತ್ತಿಕೊಂಡು ಒತ್ತಿದರು, ಹತ್ತಲಿಲ್ಲ. ಇನ್ನೊಂದು ಒತ್ತಿದರು, ಅದೂ ಇಲ್ಲ. ಎಲ್ಲ ಟಾರ್ಚು ಒಟ್ಟಿಗೇ ಕೆಟ್ಟಿತಾ ಅಂತ ಮಿಲ್ಲಿನವರು ತಲೆ ಎತ್ತಿದರು. ನನ್ನ ಕೈ ಬೆವರಿ ಹೆಬ್ಬೆರಳು ಜಾರಿತು. ಮಂಚದ ಕೆಳಗೆ ಕಾರು ಗುರ್ರ್ ಅಂತ ಹೊರಟು ಮಂಚದ ಕಾಲಿಗೆ ಡಬ್ ಅಂತ ಗುದ್ದಿತು.

ಮಿಲ್ಲಿನವರು ಕಾಲು ಮಡಚಿಕೊಂಡು, ನಿನ್ನ ಕ್ಲಿನಿಕ್ಕಲ್ಲಿ ಹೆಗ್ಗಣ ಇದೆಯಲ್ಲೋ ಅಂದರು. ಡಾಕ್ಟರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಇರ್ತದೆ. ಸಿಹಿ ಕಾಲಿನ ವಾಸನೆಗೆ ಬರ್ತದೆ. ಅದಕ್ಕೇ ಹೋಳಿಗೆ ಬಿಡು ಅನ್ನೋದು."

ಲಾಂಚಿನಲ್ಲಿ

ಟಾರ್ಚಿನದೂ ಸರಿಹೋಗಲಿಲ್ಲ. ಹಿನ್ನೀರಿನ ಆಚೆ ತುಮರಿ ಕಡೆ ಒಬ್ಬರು ಮುದುಕರಿದ್ದಾರೆ, ಹಿಂದೆ ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದವರು, ಅವರ ಹತ್ತಿರ ಡಬ್ಬಿಗಟ್ಟಲೆ ಸ್ಪ್ರಿಂಗು ಇದೆ ಅಂತ ಯಾರೋ ಹೇಳಿದರು. ಅಳತೆ ನೋಡಬೇಕಲ್ಲ, ಕಾರನ್ನೂ ರಿಮೋಟನ್ನೂ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ದಾರ ಬಿಗಿದು ಲಾಂಚು ಹತ್ತಿದೆ. ಕಾರಿನ ಏರಿಯಲ್ ತಂತಿ ಪೆಟ್ಟಿಗೆಯಿಂದ ಮೇಲೆ ನಿಂತಿತ್ತು. ಟ್ರಾನ್ಸಿಸ್ಟರ್ ರೇಡಿಯೋದೊಳಗೆ ಬಾಂಬು ಇಟ್ಟ ಸುದ್ದಿ ಪೇಪರಿನಲ್ಲಿ ಬರುತ್ತಿದ್ದ ದಿನಗಳು ಅವು.

ಲಾಂಚು ನಡುನೀರಿಗೆ ಬಂದಾಗ ಯಾರದೋ ಚೀಲ ತಾಗಿ ಒಳಗಿದ್ದ ರಿಮೋಟಿನ ಸ್ವಿಚ್ಚು ಒತ್ತಿತೋ ಏನೋ, ಪೆಟ್ಟಿಗೆ ಸದ್ದು ಮಾಡಿತು. ಒಮ್ಮೆ ಗುರ್ರ್ ಅಂದು ಸುಮ್ಮನಾಯಿತು, ಮತ್ತೆ ಗುರ್ರ್ ಅಂದಿತು. ಪಕ್ಕದವರು ಪೆಟ್ಟಿಗೆ ನೋಡಿದರು, ತಂತಿ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಎದ್ದು ಆಚೆ ಬದಿಗೆ ಹೋದರು. ಲಾಂಚು ಆ ಕಡೆಗೆ ವಾಲಿತು. ಡ್ರೈವರು ಕೂಗಿಕೊಂಡ. ಇಳಿದು ಓಡೋಣ ಅಂದರೆ ಸುತ್ತಲೂ ನೀರು. ಪೆಟ್ಟಿಗೆಯನ್ನು ನೀರಿಗೆ ಎಸೆ ಅಂತ ಒಬ್ಬರು, ಮುಟ್ಟಬೇಡ ಅಂತ ಇನ್ನೊಬ್ಬರು. ದಾರದ ಗಂಟು ಬೆರಳಿಗೆ ಬಗ್ಗಲಿಲ್ಲ. ಕಡೆಗೆ ಹಲ್ಲಿನಿಂದ ಕಚ್ಚಿ ಹರಿದು ಮುಚ್ಚಳ ತೆಗೆದೆ. ಒಳಗೆ ಕೆಂಪು ಕಾರು ಮಲಗಿ ಚಕ್ರ ತಿರುಗಿಸುತ್ತಿತ್ತು.

ಟಿಕೆಟಿನವನು ಜನರ ನಡುವೆ ದಾರಿ ಮಾಡಿಕೊಂಡು ಬಂದು ಬಗ್ಗಿ ನೋಡಿದ. "ಚಕ್ರ ಇದ್ದದ್ದಕ್ಕೆಲ್ಲ ಬೇರೆ ಟಿಕೆಟ್ಟು ಸಾರ್. ಹೇಳದೇ ಹತ್ತಿಸಿದೀರಲ್ಲ."

ಪಂಥ

ತುಮರಿಯ ಮುದುಕರ ಡಬ್ಬಿಯಲ್ಲಿ ಹೇಳಿ ಮಾಡಿಸಿದಂಥ ಸ್ಪ್ರಿಂಗು ಸಿಕ್ಕಿತು. ಪಂಥದ ದಿನ ಮಿಲ್ಲಿನ ಅಂಗಳದ ಸುತ್ತ ಅರ್ಧ ಹೊಸನಗರ ಸೇರಿತ್ತು. ತೀರ್ಪು ಹೇಳುವವರು ಮಿಲ್ಲಿನವರ ಹೆಂಡತಿ. ಡಾಕ್ಟರು ಮೊದಲು ಒಂದು ಸುತ್ತು ಒಬ್ಬರೇ ಓಡಿಸಿ ನೋಡಿದರು. ಕಾರು ಸಿಮೆಂಟಿನ ಸಂದುಗಳನ್ನು ಸವರಿಕೊಂಡು ಹೋಯಿತು, ತಿರುವಿನಲ್ಲಿ ಚೂರೂ ಎದ್ದೇಳಲಿಲ್ಲ. ಮಿಲ್ಲಿನವರ ಮುಖ ಬಿಳುಚಿತು. ನಾನು ಮನಸ್ಸಿನಲ್ಲೇ ಅವರ ಕಾಲು ಉಳಿಯಿತು ಅಂದುಕೊಂಡೆ.

ಎರಡೂ ಕಾರು ಸಾಲಿನಲ್ಲಿ ನಿಂತವು. ಆಕೆ ಕೈ ಬೀಸಿದರು. ಕಾರುಗಳು ಹೊರಟವು. ತಿರುವಿನಲ್ಲಿ ಡಾಕ್ಟರು ಎಡಕ್ಕೆ ತಿರುಗಿಸಿದರು, ಎರಡೂ ಎಡಕ್ಕೆ ತಿರುಗಿದವು. ಮಿಲ್ಲಿನವರು ಗಾಬರಿಯಾಗಿ ಬಲಕ್ಕೆ ಎಳೆದರು, ಎರಡೂ ಬಲಕ್ಕೆ ಹೊರಳಿದವು. ಡಾಕ್ಟರು ನಿಲ್ಲಿಸಲು ನೋಡಿದರೆ ಮಿಲ್ಲಿನವರು ಓಡಿಸುತ್ತಿದ್ದರು. ಆಗ ನನಗೆ ಹೊಳೆಯಿತು. ಒಂದೇ ಕಂಪನಿಯ ಕಾರು, ಎರಡು ರಿಮೋಟೂ ಒಂದೇ ಸ್ಟೇಷನ್ನು. ಬೇಸಿಗೆಯಿಡೀ ಸ್ಪ್ರಿಂಗು ಹುಡುಕಿದ ರೇಡಿಯೋ ರಿಪೇರಿಯವನಿಗೆ ರೇಡಿಯೋ ಒಂದು ನೆನಪಾಗಿರಲಿಲ್ಲ. ಜನ ದಾರಿ ಬಿಟ್ಟು ಓಡಿದರು. ಕಾರುಗಳು ಜೋಡೆತ್ತಿನ ಹಾಗೆ ಅಕ್ಕಪಕ್ಕ ಹೋಗಿ ಭತ್ತದ ರಾಶಿಯೊಳಗೆ ಹೂತುಹೋದವು.

ಆಕೆ ರಾಶಿಯ ಹತ್ತಿರ ಹೋಗಿ ನೋಡಿ ಬಂದು ಹೇಳಿದರು, "ಇಬ್ಬರೂ ಸೋತ್ರಿ. ಹೋಳಿಗೆ ಇಬ್ಬರಿಗೂ ಇಲ್ಲ."

ತಮಗೆ ಯಾವ ಕಾಯಿಲೆಯೂ ಇಲ್ಲ ಅಂತ ಡಾಕ್ಟರು ಎಷ್ಟು ಹೇಳಿದರೂ ಆಕೆ ಕೇಳಲಿಲ್ಲ. ಜೊತೆಗೆ ಒಬ್ಬರು ಇದ್ದರೆ ಮಾತ್ರ ತಮ್ಮ ಯಜಮಾನರು ಸಿಹಿ ಬಿಡುವುದು ಅಂತ ಅವರಿಗೆ ಗೊತ್ತಿತ್ತು. ಮದುವೆಯ ಹೊತ್ತಿಗೆ ಗಾಯ ನಿಜಕ್ಕೂ ಒಣಗುತ್ತಾ ಬಂದಿತ್ತು.

ಊಟಕ್ಕೆ ನಾನು ಡಾಕ್ಟರ ಪಕ್ಕದಲ್ಲೇ ಕೂತಿದ್ದೆ. ಹೋಳಿಗೆ ಬಡಿಸುವವನು ಹೊರಗಿನಿಂದ ಬಂದ ಅಡಿಗೆಯವರ ಪೈಕಿ, ಇವರು ಯಾರು ಅಂತ ಗೊತ್ತಿಲ್ಲ; ಈ ಎರಡು ಎಲೆಗೆ ಸಿಹಿ ಬೇಡ ಅಂತ ಮಿಲ್ಲಿನವರ ಹೆಂಡತಿ ಮೊದಲೇ ತೋರಿಸಿದ್ದರಷ್ಟೆ. ಮಿಲ್ಲಿನವರ ಎಲೆ ದಾಟಿದ, ಡಾಕ್ಟರ ಎಲೆಯನ್ನೂ ದಾಟಿದ. ಡಾಕ್ಟರು ಅವನ ಪಂಚೆ ಹಿಡಿದು, ತಮಗೆ ಸಕ್ಕರೆ ಕಾಯಿಲೆ ಇಲ್ಲ, ಒಂದೇ ಒಂದು ಹಾಕು ಅಂತ ಮೆಲ್ಲಗೆ ಕೇಳಿಕೊಂಡರು.

ಅವನಿಗೆ ಕನಿಕರ ಬಂತು. ಬಗ್ಗಿ ಕಿವಿಯಲ್ಲಿ ಹೇಳಿದ, "ಈ ಕಾಯಿಲೆಯೋರು ಎಲ್ಲ ಹೀಗೇ ಹೇಳೋದಂತೆ ರಾಯರೆ. ತೀರ್ಥಹಳ್ಳೀಲಿ ಒಬ್ಬ ಡಾಕ್ಟ್ರು ಇದಾರಂತೆ, ಭಾರೀ ಕೈಗುಣ. ಒಂದ್ಸಲ ಹೋಗಿ ತೋರಿಸ್ಕೊಳ್ಳಿ."