ಮುತ್ತಜ್ಜ ಕಾಶಿಯಲ್ಲಿ ಬಿಟ್ಟದ್ದೇನು?

ಹಳೆಯದನ್ನು ಹುಡುಕಲು ಹೊರಟವರಿಗೆ ಹಳೆಯದು ಸಿಗುತ್ತದೋ ಇಲ್ಲವೋ, ಫಜೀತಿಯಂತೂ ತಪ್ಪದೆ ಸಿಗುತ್ತದೆ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಬನಾರಸಿನಲ್ಲಿದ್ದ ನಾವು ನಾಲ್ಕು ಜನ ಕನ್ನಡಿಗರು ಒಂದು ಇತಿಹಾಸ ಕೂಟ ಕಟ್ಟಿಕೊಂಡಿದ್ದೆವು. ಅಧ್ಯಕ್ಷರು ಲೋಹಶಾಸ್ತ್ರದ ಪ್ರೊಫೆಸರು, ಮೈಸೂರಿನ ಕಡೆಯವರು. ಅವರ ಹೆಂಡತಿ ಧಾರವಾಡದವರು. ಮೂರನೆಯವರು ಮೂಳೆ ಡಾಕ್ಟರು. ಕಾರ್ಯದರ್ಶಿ ನಾನು, ಲೈಬ್ರರಿಯಲ್ಲಿ ಕೆಲಸ ಅನ್ನೋ ಒಂದೇ ತಪ್ಪಿಗೆ!

ಕಾಶಿಯ ಕನ್ನಡಿಗರ ಚರಿತ್ರೆ ಅಂತೆಲ್ಲ ಹೇಳಿದರೂ ಕೂಟ ಹುಟ್ಟಿದ್ದು ಬದನೆಕಾಯಿಯಿಂದ. ಕಾಶಿಗೆ ಬಂದವರು ತಮಗೆ ಇಷ್ಟವಾದದ್ದೊಂದನ್ನು ಬಿಟ್ಟು ಹೋಗಬೇಕಲ್ಲ? ಪ್ರೊಫೆಸರ ಮುತ್ತಜ್ಜ ಕಾಲ್ನಡಿಗೆಯಲ್ಲಿ ಬಂದು ಬದನೆಕಾಯಿ ಬಿಟ್ಟರಂತೆ. ಅವತ್ತಿನಿಂದ ಆ ಮನೆಯಲ್ಲಿ ಯಾರೂ ಅದನ್ನು ಮುಟ್ಟಿಲ್ಲ. ಎಣ್ಣೆಗಾಯಿ ಉಂಡು ಬೆಳೆದ ಅವರ ಹೆಂಡತಿ ಇಪ್ಪತ್ತೆರಡು ವರ್ಷ ಬಾಯಿ ಕಟ್ಟಿಕೊಂಡಿದ್ದರು. ಚಳಿಗಾಲ ಬಂತೆಂದರೆ ಗಂಗೆಯ ಆಚೆ ದಡದ ರಾಮನಗರದ ದಪ್ಪ ಗುಂಡು ಬದನೆಕಾಯಿ ಸಂತೆಗೆ ಬರುತ್ತದೆ. ಆಕೆ ಕೈಯಲ್ಲಿ ಹಿಡಿದು, ಸವರಿ, ಮತ್ತೆ ಅಲ್ಲೇ ಇಟ್ಟು ಬರುವುದನ್ನು ನೋಡಿದರೆ ನನಗೇ ಪಾಪ ಅನ್ನಿಸುತ್ತಿತ್ತು.

ಒಂದು ದಿನ ಆಕೆ ಹೇಳಿಯೇಬಿಟ್ಟರು: "ಪಂಡಾನ ಬಹಿಯೊಳಗ ನಿಮ್ಮ ಮುತ್ತಜ್ಜ ಬರದಿರ್ತಾರಲ್ಲ, ಹುಡುಕ್ರಿ. ವಂಶಕ್ಕೆಲ್ಲಾ ಅಂತ ಬರದಿದ್ರ ನಾ ಸುಮ್ಮನಿರ್ತೀನಿ. ಬರೇ ಅವರೊಬ್ಬರ ಬಿಟ್ಟಿದ್ರ, ನಾಳೆನ ಎಣ್ಣಿಗಾಯಿ!"

ಬಹಿ ಅಂದರೆ ಯಾತ್ರಿಕರ ಊರು, ಹೆಸರು, ವಂಶ ಬರೆದಿಡುವ ಪಂಡಾಗಳ, ಅಂದರೆ ಕಾಶಿಯ ತೀರ್ಥಪುರೋಹಿತರ, ಉದ್ದನೆಯ ಪುಸ್ತಕ. ಆ ಮನೆತನದ ಪಂಡಾ ಯಾರೆಂದು ಪತ್ತೆಹಚ್ಚುವುದೇ ನಮ್ಮ ಸಂಶೋಧನೆ. ದಾರಿಯಲ್ಲಿ ಸಿಕ್ಕಿದ್ದೆಲ್ಲ ಚರಿತ್ರೆ.

ಶಾಸನ

ಹೀಗೆ ಹುಡುಕುತ್ತಾ ಹೋಗುವಾಗ ಜಂಗಮವಾಡಿಯ ಹತ್ತಿರದ ಒಂದು ಓಣಿಯಲ್ಲಿ ಡಾಕ್ಟರಿಗೆ ಕನ್ನಡ ಅಕ್ಷರದ ಕಲ್ಲು ಕಂಡಿತು. ಎರಡೇ ಅಕ್ಷರ ಕಾಣುತ್ತಿತ್ತು, ಉಳಿದದ್ದರ ಮೇಲೆ ಒಂದು ಗೂಳಿ ಮಲಗಿತ್ತು. ಕಾಶಿಯ ಗೂಳಿಯನ್ನು ಏಳು ಅನ್ನುವ ಗಂಡಸು ಇನ್ನೂ ಹುಟ್ಟಿಲ್ಲ. ಪ್ರೊಫೆಸರು "ಶಾಸನಕ್ಕೆ ಮರ್ಯಾದೆ ಕೊಡಿ" ಎಂದು ನಮ್ಮ ಚಪ್ಪಲಿ ಬಿಡಿಸಿ ಗೋಡೆಯ ಬದಿಗೆ ಇಡಿಸಿದರು. ಎರಡು ಗಂಟೆ ಕಾಲ ಬರಿಗಾಲಲ್ಲಿ ನಿಂತು ಅವರ ಭಾಷಣ ಕೇಳಿದೆವು. ಕಡೆಗೆ ಗೂಳಿಗೇ ಬೇಸರವಾಗಿ ಎದ್ದು ಹೋಯಿತು. ಡಾಕ್ಟರು ಕರವಸ್ತ್ರದಿಂದ ಕಲ್ಲು ಒರೆಸಿ ಗಟ್ಟಿಯಾಗಿ ಓದಿದರು:

"ಇಲ್ಲಿ ಚಪ್ಪಲಿ ಬಿಡಕೂಡದು."

ಅಜ್ಜಿಯ ಸಂದರ್ಶನ

ಅದೇ ಓಣಿಯಲ್ಲಿ ತೊಂಬತ್ತು ದಾಟಿದ ಕನ್ನಡದ ಅಜ್ಜಿಯೊಬ್ಬರಿದ್ದರು. ಹಳೇ ಪಂಡಾಗಳ ಮನೆಗಳೆಲ್ಲ ಅವರಿಗೆ ಗೊತ್ತು ಅಂತ ಕೇಳಿ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋದೆವು. ಪ್ರೊಫೆಸರು ಮೊದಲ ಪ್ರಶ್ನೆ ಶುರು ಮಾಡಿದರು. ಆ ಪ್ರಶ್ನೆಗೆ ಪೀಠಿಕೆ, ಪೀಠಿಕೆಗೆ ಒಂದು ಉಪಕಥೆ. ಅಜ್ಜಿ ಬಾಯಿ ತೆರೆದಾಗಲೆಲ್ಲ "ಇರಿ ಅಜ್ಜಿ, ಮುಗಿಸ್ತೀನಿ" ಅನ್ನುವರು. ನಾನು ಮೆಲ್ಲಗೆ "ಸರ್, ಕ್ಯಾಸೆಟ್ ಮುಗೀತಾ ಬಂತು" ಅಂದದ್ದಕ್ಕೆ ಮೈಮೇಲೆ ಹಾರಿಬಿದ್ದರು. ಮನುಷ್ಯನಿಗೆ ಸಿಟ್ಟು ಮೂಗಿನ ತುದಿಯಲ್ಲೇ.

ಟಕ್ ಅಂತ ಕ್ಯಾಸೆಟ್ ನಿಂತಿತು. ಅಜ್ಜಿ ಪ್ರೊಫೆಸರ ಗಲ್ಲ ಸವರಿ, "ಎಷ್ಟು ಚೆನ್ನಾಗಿ ಹೇಳಿದೆಯಪ್ಪಾ! ನಂಗೆ ಕಿವಿ ಕೇಳಿದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು" ಅಂದರು.

ಪಂಡಾನ ಮನೆ ಯಾವುದೆಂದು ಕೊನೆಗೆ ತೋರಿಸಿದ್ದು ಅವರ ಸೊಸೆ, ಒಂದೇ ನಿಮಿಷದಲ್ಲಿ.

ಬಹಿ

ವಿಶ್ವನಾಥ ಗಲ್ಲಿಯ ಹಿಂದೆ, ಕಡಿದಾದ ಮೆಟ್ಟಿಲು ಹತ್ತಿ ಹೋದರೆ ಪಂಡಾಜಿಯ ಕೋಣೆ. ಯಾತ್ರಿಕರ ಜೊತೆ ಮಾತಾಡಿ ಕಲಿತ ಕನ್ನಡದಲ್ಲಿ "ಯಾವ ಜಿಲ್ಲೆ? ಯಾವ ಊರು?" ಎಂದು ಕೇಳಿ, ಒಂದು ಕೆಂಪು ಬಟ್ಟೆಯ ಗಂಟು ಇಳಿಸಿ ಸರಸರನೆ ಹಾಳೆ ತಿರುವಿದರು. ಸಿಕ್ಕೇಬಿಟ್ಟಿತು! ಊರು ಸರಿ, ಹೆಸರು ಸರಿ, ಕೆಳಗೆ ಮುತ್ತಜ್ಜನ ಕೈಬರಹ.

ಪ್ರೊಫೆಸರು ಕಣ್ಣಿಗೊತ್ತಿಕೊಂಡು ಮನಸ್ಸಿನಲ್ಲೇ ಓದಿದರು. ಮುಖ ಕೆಂಪಾಯಿತು. ಬಹಿ ಮುಚ್ಚಿದರು.

"ಏನ್ ಅದರೀ?" ಹೆಂಡತಿ ಕೇಳಿದರು.

"ಏನಿಲ್ಲ. ಶಾಯಿ ಮಾಸಿದೆ."

"ಅಕ್ಕಾರ, ನೀವು ಓದ್ರಿ" ಎಂದು ಆಕೆ ಬಹಿ ಕಿತ್ತು ನನ್ನ ಕೈಗಿಟ್ಟರು. ನಾನು ಕನ್ನಡಕ ಏರಿಸಿ ಓದಿದೆ: "ನನಗೆ ಬಹು ಪ್ರಿಯವಾದ ಕೋಪವನ್ನು ನಾನೂ ನನ್ನ ವಂಶದವರೂ ಇಂದಿನಿಂದ ಬಿಟ್ಟಿರುತ್ತೇವೆ." ಹಾಳೆಯ ಹಿಂದೆ ಮುಂದೆ ಎಲ್ಲ ನೋಡಿದೆ. ಬದನೆಕಾಯಿಯ ಸುಳಿವೇ ಇಲ್ಲ.

"ಸುಳ್ಳು! ಇದು ನಮ್ಮ ಮುತ್ತಜ್ಜ ಬರೆದದ್ದೇ ಅಲ್ಲ! ಬೇರೆ ಯಾವನದ್ದೋ ಹಾಳೆ ತೋರಿಸ್ತಿದ್ದೀರಿ!" ಪ್ರೊಫೆಸರು ಅಬ್ಬರಿಸಿದ ಹೊಡೆತಕ್ಕೆ ಕಿಟಕಿಯ ಮೇಲಿದ್ದ ಕೋತಿ ಹಾರಿ ಓಡಿತು.

ಪಂಡಾಜಿ ಒಂದಿಷ್ಟೂ ಅಲುಗದೆ ಕೈಮುಗಿದು, "ಸಾಹೇಬ್, ಈಗ ನನಗೆ ಸಂಶಯವೇ ಇಲ್ಲ. ವಂಶ ಇದೇ" ಅಂದರು.

ಡಾಕ್ಟರು ನಕ್ಕು ನಕ್ಕು ಗೋಡೆಗೆ ಒರಗಿದರು. ಹೆಂಡತಿ ಮಾತ್ರ ಶಾಂತವಾಗಿ ಹೇಳಿದರು: "ಪಾಪ, ಮುತ್ತಜ್ಜಾರಿಗೆ ಊರಿಗೆ ಹೋದ ದಿನಾನ ಸಿಟ್ಟು ಬಂದಿರ್ತದ. ಮಾನ ಹೋಗಬಾರದಂತ ಬದನಿಕಾಯಿ ಬಿಟ್ಟೀನಿ ಅಂದಿರ್ತಾರ."

ವಾಪಸ್ ಬರುವಾಗ ತರಕಾರಿ ಗಾಡಿಯಲ್ಲಿ ಎಳೆಯ ಬದನೆಕಾಯಿಯನ್ನು ಆಕೆ ಒಂದೊಂದಾಗಿ ಆರಿಸಿದರು. ಎಂಥ ಸಂತೋಷ ಆ ಮುಖದಲ್ಲಿ! ಪ್ರೊಫೆಸರು ಬಾಯಿ ತೆರೆದಾಗಲೆಲ್ಲ ಆಕೆ "ರೀ, ವಂಶದ ವ್ರತ" ಅನ್ನುವರು. ಅವರು ಬಾಯಿ ಮುಚ್ಚುವರು.

ಮರುದಿನ ಮಧ್ಯಾಹ್ನ ನಮಗೆಲ್ಲ ಅಲ್ಲೇ ಊಟ. ರೊಟ್ಟಿ, ಎಣ್ಣೆಗಾಯಿ. ಪ್ರೊಫೆಸರು ಹೆದರುತ್ತಲೇ ಒಂದು ತುತ್ತು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಎರಡನೇ ತುತ್ತು, ಮೂರನೇ ತುತ್ತು. ತಟ್ಟೆ ಬರಿದಾಯಿತು, ಮತ್ತೆ ಹಾಕಿಸಿಕೊಂಡರು, ಅದೂ ಬರಿದಾಯಿತು. ಆಮೇಲೆ ತಟ್ಟೆ ಕುಕ್ಕಿ, ಮನೆಯ ಸೂರು ಹಾರಿಹೋಗುವ ಹಾಗೆ ಹೆಂಡತಿಯ ಮೇಲೆ ಕೂಗಾಡಿದರು:

"ಇಪ್ಪತ್ತೆರಡು ವರ್ಷ ಆಯ್ತು ಮದುವೆಯಾಗಿ! ಒಂದು ದಿನವಾದ್ರೂ ಇದನ್ನ ಮಾಡಿ ಹಾಕಿದ್ದೀಯೇನೇ?"