ಅತ್ತಿಗೆಯ ಇನಾರ್ಗ್ಯಾನಿಕ್ ಅರಿಯರ್

ಡಬ್, ಡಬ್, ಡಬ್. ಕೊಡೈಕಾನಲ್‌ನಿಂದ ಕಂಬಂನ ತವರಿಗೆ ಬಂದಾಗೆಲ್ಲ ನನ್ನನ್ನು ಎಬ್ಬಿಸುತ್ತಿದ್ದುದು ಡ್ರಮ್ಮಿನೊಳಗೆ ಕೋಲಾಡುವ ಈ ಸದ್ದೇ. ದ್ರಾಕ್ಷಿ ಬಳ್ಳಿಗೆ ಹೊಡೆಯಲು ಮೈಲುತುತ್ತ, ಸುಣ್ಣ ಕಲಸುತ್ತಾ ನನ್ನ ಅತ್ತಿಗೆ ಜಪ ಮಾಡುತ್ತಿದ್ದಳು: "ಸ್ಕ್ಯಾಂಡಿಯಂ, ಟೈಟೇನಿಯಂ, ವನೇಡಿಯಂ..." ಇಡೀ ಕಣಿವೆಯಲ್ಲಿ ಹುಚ್ಚರ ಎಲೆಕ್ಷನ್ ಇಟ್ಟಿದ್ದರೆ, ಮೈ ಡಿಯರ್ ಅತ್ತಿಗೆ ಅವಿರೋಧವಾಗಿ ಗೆಲ್ಲುತ್ತಿದ್ದಳು!

ದಿಂಡಿಗಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಯಲು ಇನಾರ್ಗ್ಯಾನಿಕ್ ಕೆಮಿಸ್ಟ್ರಿ ಒಂದೇ ಬಾಕಿ ಇದ್ದಾಗ ಆಕೆಯನ್ನು ಎಬ್ಬಿಸಿ ತಂದು ನಮ್ಮಣ್ಣನಿಗೆ ಮದುವೆ ಮಾಡಿದ್ದರು. ಆಕೆಗೆ ಅರವತ್ತು ದಾಟಿದ ಮೇಲೆ ಯೂನಿವರ್ಸಿಟಿಯವರು ಹಳೇ ಅರಿಯರ್‌ಗಳಿಗೆ, ಅಂದರೆ ಪಾಸಾಗದೆ ಬಾಕಿ ಉಳಿದ ಪೇಪರುಗಳಿಗೆ, ಇನ್ನೆರಡೇ ಚಾನ್ಸ್ ಕೊಟ್ಟರು. ಆಮೇಲೆ ಬಾಗಿಲು ಬಂದ್.

"ಈ ವಯಸ್ಸಲ್ಲಿ ಡಿಗ್ರಿ ತಕ್ಕೊಂಡು ಏನ್ಮಾಡ್ತೀಯೆ?" ಎಂದ ಅಣ್ಣ.

"ತಕ್ಕೊಂತೀನಿ."

ಡಿಸ್ಕಷನ್ ಓವರ್!

ಅರ್ಥವಾಗದ್ದನ್ನೆಲ್ಲ ಆಕೆ ನಮ್ಮ ಮನೆಗೇ ಹೋಲಿಸಿ ಕಲಿತಳು. ಕಾನ್ವೆಂಟಿನಲ್ಲಿ ಓದಿದ ನನಗೇ ಪಾಠ ಬೇರೆ! "ಕೇಳು ಕಾನ್ವೆಂಟಮ್ಮಾ. ಲೋಹದ ಪರಮಾಣೂಲಿ ಐದು ಡಿ-ಆರ್ಬಿಟಲ್. ನಿಮ್ಮ ಅಣ್ಣತಮ್ಮಂದಿರು ಐವರಂಗೇ, ಎಲ್ಲಾ ಸಮ. ಸುತ್ತ ಆರು ಜನ ನೆಂಟ್ರು ಬಂದು ಕುಂತ್ರೋ, ಅವ್ರಿಗೆ ನೇರ ಎದುರಾದ ಇಬ್ರು ಸಿಡುಕಿ ಮೇಲೇಳ್ತಾರೆ. ಸಂದೀಲಿ ನುಸುಳಿದ ಮೂವರು ತಣ್ಣಗೆ ಕೆಳಗಿರ್ತಾರೆ."

"ನಮ್ಮಣ್ಣ?"

"ಸಂದಿ!"

"ಎಲ್ಲಾ ನೆಂಟರೂ ಮನೇನ ಅಷ್ಟೇ ಒಡೀತಾರಾ?"

"ಇಲ್ಲಪ್ಪಾ. ನೀರು ಬಂದ್ರೆ ಕೊಂಚ ಬಿರುಕು. ಸೈನೈಡು ಬಂದ್ರೆ ಪೂರಾ!" ಎಂದವಳು ಗೋಡೆಯ ಮೇಲಿದ್ದ ನಮ್ಮಮ್ಮನ ಫೋಟೋ ಕಡೆ ನೋಡಿ ಕೈಮುಗಿದಳು.

ಥಿಯರಿ ಪಾಸ್. ಪ್ರಾಕ್ಟಿಕಲ್‌ನಲ್ಲಿ ತಾಮ್ರದ ಕಾಂಪ್ಲೆಕ್ಸ್ ಮಾಡಬೇಕು. ನೀಲಿ ದ್ರಾವಣ ಕಂಡದ್ದೇ ತಡ, ತೋಟದ ಕೈ ಸುಮ್ಮನಿರುತ್ತದೆಯೇ? ಬಳ್ಳಿಯ ಮದ್ದಿಗೆ ಕುಡುಗೋಲು ಅದ್ದಿ ನೋಡುವಂತೆ, ತಲೆಯಿಂದ ಹೇರ್‌ಪಿನ್ ಕಿತ್ತು ಬೀಕರಿಗೆ ಅದ್ದಿಬಿಟ್ಟಳು!

"ಪಾಟೀ! ಎನ್ನ ಪಣ್ರೀಂಗ?" ಅಜ್ಜೀ ಏನ್ಮಾಡ್ತಿದ್ದೀರಿ ಎಂದು ಮೊಮ್ಮಗನ ವಯಸ್ಸಿನ ಎಕ್ಸಾಮಿನರ್ ಹೌಹಾರಿದ.

"ಕಬ್ಬಿಣಕ್ಕೆ ಕೆಂಪು ಹತ್ತಿದ್ರೆ ಸುಣ್ಣ ಸಾಲ್ದು ಸಾರ್. ಎಲೆ ಸುಟ್ಟೋಗುತ್ತೆ."

"ಇಲ್ಲಿ ಎಲೆ ಎಲ್ಲಿದೆ?"

ಫೇಲ್. ಉಳಿದದ್ದು ಒಂದೇ ಚಾನ್ಸ್. ಆ ಪರೀಕ್ಷೆಯ ದಿನ ಅತ್ತಿಗೆ ಕೈಬಳೆ, ಸೇಫ್ಟಿಪಿನ್ ಎಲ್ಲ ಬಿಚ್ಚಿಟ್ಟು, ಜಡೆಯನ್ನು ಬಾಳೆನಾರಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದಳು. ಪಾಸ್!

ಪದವಿ ಕೊಡುವ ದಿನ ಚಿನ್ನಾಳಪಟ್ಟಿ ಸೀರೆಯ ಮೇಲೆ ಕಪ್ಪು ಗೌನ್ ತೊಟ್ಟು ಹುಡುಗಿಯರ ನಡುವೆ ಕೂತಿದ್ದಳು. ನಾನು ಮೇಲೆ ಗ್ಯಾಲರಿಯಲ್ಲಿ. ಮೈಕಿನಲ್ಲಿ ಒಂದು ಹೆಸರು ಕರೆದರು. ಯಾರೂ ಏಳಲಿಲ್ಲ. ಮತ್ತೆ ಕರೆದರು. ಆಗ ನನಗೆ ಹೊಳೆಯಿತು. ಅವರಪ್ಪನ ಇನಿಷಿಯಲ್ ಸಮೇತ, ಅದು ಆಕೆ ಕಾಲೇಜು ಸೇರಿದಾಗಿನ ಹೆಸರು. ನಮ್ಮ ಮನೆಯಲ್ಲಿ ಇಷ್ಟು ವರ್ಷ ಆಕೆಯನ್ನು ಯಾರೂ ಹೆಸರು ಹಿಡಿದು ಕರೆದೇ ಇರಲಿಲ್ಲ. ನಾನೂ.

ಸಿಸ್ಟರ್‌ಗಳು ಕಲಿಸಿದ ಮ್ಯಾನರ್ಸ್ ಮರೆತು ಕಿರುಚಿದೆ: "ಅತ್ತಿಗೇ, ನಿನ್ನೇ ಕರೀತಾವ್ರೆ! ಏಳು!"

ಆಕೆ ನನ್ನತ್ತ ತಿರುಗಿ ನೋಡಿದಳು. ಎದ್ದಳು. ಆಮೇಲೆ ಗದ್ದಲದಲ್ಲಿ ಸಿಗಲಿಲ್ಲ, ನಾನು ಬೆಟ್ಟದ ಬಸ್ಸು ಹಿಡಿದೆ. ಹತ್ತು ದಿನಕ್ಕೆ ಅಣ್ಣನ ಫೋನ್ ಬಂತು, ನಿದ್ದೆಯಲ್ಲೇ ಹೋದಳೆಂದು.

ನಾನು ಕೊನೆಯ ಸಲ ಕಂಡಾಗ ಅತ್ತಿಗೆ ತನ್ನ ಹೆಸರಿಗೆ ಓಗೊಟ್ಟು ವೇದಿಕೆಯ ಮೆಟ್ಟಿಲು ಹತ್ತುತ್ತಿದ್ದಳು.